ಮರಗಟ್ಟಿದ ಮಚ್ಚೆಯ ಚರಿತ್ರೆ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಬೆರ್ಗೆನ್ ಎಂಬ ಊರಿದೆ. ಸುತ್ತ ಬೆಟ್ಟ, ಮುಂದೆ ಕಡಲು, ವರ್ಷದ ಬಹುಪಾಲು ಮಳೆ. ಒಣಮೀನಿನ ವ್ಯಾಪಾರದಿಂದ ಬೆಳೆದ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಕಾರಣಕ್ಕೂ ಹೆಸರಾಯಿತು. ಯುರೋಪಿನ ಉಳಿದೆಡೆ ಬಹುಮಟ್ಟಿಗೆ ಮರೆಯಾಗಿದ್ದ ಕುಷ್ಠರೋಗ ಇಲ್ಲಿನ ಮೀನುಗಾರರ, ಬಡ ರೈತರ ಮನೆಗಳಲ್ಲಿ ಇನ್ನೂ ಉಳಿದುಕೊಂಡಿತ್ತು. ಸೇಂಟ್ ಯೋರ್ಗೆನ್ ಎಂಬ ಹಳೆಯ ಆಸ್ಪತ್ರೆಯಲ್ಲಿ ರೋಗಿಗಳು ಇಕ್ಕಟ್ಟಿನ ಮರದ ಕೋಣೆಗಳಲ್ಲಿ ಬದುಕು ಸವೆಸುತ್ತಿದ್ದರು. 1856ರಲ್ಲಿ ಸರ್ಕಾರ ದೇಶದ ಕುಷ್ಠರೋಗಿಗಳೆಲ್ಲರನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಾಗ 2,800ಕ್ಕೂ ಹೆಚ್ಚು ಮಂದಿ ಲೆಕ್ಕಕ್ಕೆ ಸಿಕ್ಕರು. ಒಂದು ರೋಗಕ್ಕಾಗಿ ಇಡೀ ದೇಶದ ನೋಂದಣಿ ಪುಸ್ತಕ ಇಟ್ಟದ್ದು ಜಗತ್ತಿನಲ್ಲಿ ಅದೇ ಮೊದಲು. ಮುಂದೆ ಬೆರ್ಗೆನ್‌ನಲ್ಲಿ ನಡೆದ ವಾದಗಳಿಗೆಲ್ಲ ಆ ಪುಸ್ತಕ ಆಧಾರವಾಯಿತು.

ಆ ಕಾಲದ ದೊಡ್ಡ ಪಂಡಿತರೆಂದರೆ ಡೇನಿಯಲ್ ಕಾರ್ನೆಲಿಯಸ್ ಡೇನಿಯಲ್ಸನ್. ಚರ್ಮವೈದ್ಯ ಕಾರ್ಲ್ ವಿಲ್ಹೆಲ್ಮ್ ಬೋಕ್ ಅವರೊಡನೆ ಸೇರಿ 1847ರಲ್ಲಿ ಅವರು ಹೊರತಂದ ಗ್ರಂಥ ಕುಷ್ಠರೋಗವನ್ನು ಮೊದಲ ಬಾರಿಗೆ ಆಧುನಿಕ ವೈದ್ಯದ ಕಣ್ಣಿನಿಂದ ಬಣ್ಣಿಸಿತು. ಮೈಯಲ್ಲಿ ಗಂಟು ಏಳುವ ಬಗೆ ಒಂದು, ನರಗಳು ಸತ್ತು ಚರ್ಮ ಮರಗಟ್ಟುವ ಬಗೆ ಇನ್ನೊಂದು ಎಂದು ಅದು ವಿಂಗಡಿಸಿತು. ಈ ವಿಂಗಡಣೆ ಸ್ಥೂಲವಾಗಿ ಇಂದಿಗೂ ನಿಂತಿದೆ. ಆದರೆ ಕಾರಣದ ವಿಚಾರದಲ್ಲಿ ಡೇನಿಯಲ್ಸನ್ ಎಡವಿದರು. ರೋಗ ವಂಶಪಾರಂಪರ್ಯವಾಗಿ, ರಕ್ತದಲ್ಲೇ ಇಳಿದು ಬರುತ್ತದೆ ಎಂಬುದು ಅವರ ನಂಬಿಕೆ. ಒಂದೇ ಮನೆಯಲ್ಲಿ ತಾಯಿಗೆ, ಮಗನಿಗೆ, ಮೊಮ್ಮಗಳಿಗೆ ಬರುವುದನ್ನು ಕಂಡವರು ಬೇರೇನು ಹೇಳಿಯಾರು? ಅದು ಅಂಟುರೋಗವಲ್ಲ ಎಂದು ತೋರಿಸಲು ರೋಗಿಯ ಗಂಟಿನ ರಸವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಹಲವು ಬಾರಿ ಮಾಡಿದರೂ ಏನೂ ಆಗಲಿಲ್ಲ. ಮನುಷ್ಯರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಹೀಗೆ ಧೈರ್ಯವಂತನೊಬ್ಬನ ಪ್ರಾಮಾಣಿಕ ಪ್ರಯೋಗವೇ ತಪ್ಪು ತೀರ್ಮಾನಕ್ಕೆ ಗಟ್ಟಿ ಸಾಕ್ಷಿಯಾಗಿ ಕೂತಿತು.

1868ರಲ್ಲಿ ಡೇನಿಯಲ್ಸನ್ ಕೈಕೆಳಗೆ ಒಬ್ಬ ಯುವಕ ಕೆಲಸಕ್ಕೆ ಸೇರಿದ. ಗೆರ್ಹಾರ್ಡ್ ಅರ್ಮೌರ್ ಹ್ಯಾನ್ಸನ್, ಬೆರ್ಗೆನ್‌ನವನೇ. ಹದಿನೈದು ಮಕ್ಕಳ ಮನೆಯಲ್ಲಿ ಎಂಟನೆಯವನು. ಓದು ಮುಗಿಸಿ ಸ್ವಲ್ಪ ಕಾಲ ಉತ್ತರದ ಲೋಫೋಟೆನ್ ದ್ವೀಪಗಳಲ್ಲಿ ಮೀನುಗಾರರಿಗೆ ವೈದ್ಯನಾಗಿದ್ದ. ಬೆರ್ಗೆನ್‌ಗೆ ಬಂದ ಮೇಲೆ ನೋಂದಣಿ ಪುಸ್ತಕ ಹಿಡಿದು ಕರಾವಳಿಯ ಹಳ್ಳಿಗಳನ್ನು ಸುತ್ತಿದ. ಯಾರ ಮನೆಯಲ್ಲಿ ಯಾರಿಗೆ ಮೊದಲು ಬಂತು, ಆಮೇಲೆ ಯಾರಿಗೆ, ಅವರು ಒಟ್ಟಿಗೆ ಮಲಗುತ್ತಿದ್ದರೇ, ಒಟ್ಟಿಗೆ ದುಡಿಯುತ್ತಿದ್ದರೇ ಎಂದು ಕೇಳಿ ತಿಳಿದುಕೊಂಡ. ವಂಶದ ಎಳೆಗಿಂತ ಒಡನಾಟದ ಎಳೆಯೇ ಅವನಿಗೆ ಗಟ್ಟಿಯಾಗಿ ಕಂಡಿತು. 1873ರ ಜನವರಿಯಲ್ಲಿ ಅವನು ಡೇನಿಯಲ್ಸನ್‌ರ ಮಗಳನ್ನು ಮದುವೆಯಾದ. ಅದಾದ ಕೆಲವೇ ವಾರಗಳಲ್ಲಿ, ಫೆಬ್ರವರಿ 28ರಂದು, ರೋಗಿಯೊಬ್ಬನ ಗಂಟಿನಿಂದ ತೆಗೆದ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಜೀವಕೋಶಗಳ ಒಳಗೆ ಸಣ್ಣ ಕಡ್ಡಿಗಳಂಥವು ಕಂಡವು. ಮಾವ ಬಾಳಿಡೀ ಕಟ್ಟಿದ ವಾದವನ್ನು ಅಳಿಯ ಮಾವನ ಆಸ್ಪತ್ರೆಯಲ್ಲೇ ಕೆಡವತೊಡಗಿದ್ದ. ಅವರಿಬ್ಬರ ಸಂಬಂಧ ಇದರಿಂದ ಮುರಿಯಲಿಲ್ಲ ಎಂಬುದನ್ನು ಇಬ್ಬರ ದೊಡ್ಡತನ ಎಂದೇ ಹೇಳಬೇಕು. ಅದೇ ವರ್ಷ ಮುಗಿಯುವುದರೊಳಗೆ ಹ್ಯಾನ್ಸನ್‌ನ ಹೆಂಡತಿ ಕ್ಷಯದಿಂದ ತೀರಿಕೊಂಡಳು.

ಕಂಡದ್ದನ್ನು 1874ರಲ್ಲಿ ಪ್ರಕಟಿಸಿದಾಗ ಹ್ಯಾನ್ಸನ್ ಬಹಳ ಹಿಂಜರಿಕೆಯಿಂದಲೇ ಬರೆದ. ರೋಗವೊಂದನ್ನು ಸೂಕ್ಷ್ಮಜೀವಿ ತರುತ್ತದೆ ಎಂಬ ಮಾತೇ ಆಗ ಹೊಸದು. ಜೀವಾಣು ವಿಜ್ಞಾನಿ ಕಾಖ್ ಕ್ಷಯದ ಜೀವಾಣುವನ್ನು ಜಗತ್ತಿಗೆ ತೋರಿಸಲು ಇನ್ನೂ 8 ವರ್ಷ ಬಾಕಿಯಿತ್ತು. ಕಡ್ಡಿಗಳಿಗೆ ಚೆನ್ನಾಗಿ ಬಣ್ಣ ಹಿಡಿಯುತ್ತಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಲು ನೋಡಿದರೆ ಬೆಳೆಯುತ್ತಿರಲಿಲ್ಲ. ಈ ಜೀವಾಣು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು, ಇಂದಿಗೂ ಅದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಯಾರಿಗೂ ಸಾಧ್ಯವಾಗಿಲ್ಲ. 1879ರಲ್ಲಿ ಜರ್ಮನಿಯ ಆಲ್ಬರ್ಟ್ ನೈಸರ್ ಬೆರ್ಗೆನ್‌ಗೆ ಬಂದರು. ಗೊನೊರಿಯಾದ ಜೀವಾಣುವನ್ನು ಕಂಡುಹಿಡಿದಿದ್ದ ಚುರುಕು ಚರ್ಮವೈದ್ಯ. ಹ್ಯಾನ್ಸನ್ ಮನಸ್ಸು ಬಿಚ್ಚಿ ಎಲ್ಲ ತೋರಿಸಿ, ಅಂಗಾಂಶದ ಮಾದರಿಗಳನ್ನೂ ಕೊಟ್ಟು ಕಳುಹಿಸಿದ. ನೈಸರ್ ಊರಿಗೆ ಮರಳಿ, ಬಣ್ಣ ಹಿಡಿಸುವುದರಲ್ಲಿ ಗೆದ್ದು, ಕುಷ್ಠದ ಜೀವಾಣುವನ್ನು ತಾವೇ ಕಂಡುಹಿಡಿದಂತೆ ಬರೆದರು. ಮೊದಲು ಕಂಡವರು ಯಾರು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಇತಿಹಾಸಕಾರರಲ್ಲಿ ಹೆಚ್ಚಿನವರು ಕಂಡ ಕೀರ್ತಿಯನ್ನು ಹ್ಯಾನ್ಸನ್‌ಗೂ ಸ್ಪಷ್ಟವಾಗಿ ತೋರಿಸಿದ ಕೀರ್ತಿಯನ್ನು ನೈಸರ್‌ಗೂ ಕೊಡುತ್ತಾರೆ.

ಆ ಜಗಳಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಅದೇ ವರ್ಷದ ನವೆಂಬರ್ 3ರಂದು ನಡೆದದ್ದು. ಪ್ರಾಣಿಗಳಿಗೆ ಚುಚ್ಚಿದರೆ ರೋಗ ಬರುತ್ತಿಲ್ಲ, ಜೀವಾಣು ಬೆಳೆಯುತ್ತಿಲ್ಲ, ಎದುರಾಳಿ ಮುಂದೆ ಹೋಗುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ಹ್ಯಾನ್ಸನ್ ಆಸ್ಪತ್ರೆಯಲ್ಲಿದ್ದ 33 ವರ್ಷದ ಹೆಣ್ಣುಮಗಳೊಬ್ಬಳನ್ನು ಕೋಣೆಗೆ ಕರೆಸಿದ. ಅವಳಿಗಿದ್ದದ್ದು ನರಗಳ ಕುಷ್ಠ. ಬೇರೊಬ್ಬ ರೋಗಿಯ ಗಂಟಿಗೆ ಅದ್ದಿದ್ದ ಹರಿತವಾದ ಸಲಕರಣೆಯಿಂದ ಅವಳ ಕಣ್ಣಿನ ಮೇಲ್ಪೊರೆಗೆ ಚುಚ್ಚಿದ. ಏಕೆ ಎಂದು ಹೇಳಲಿಲ್ಲ, ಒಪ್ಪಿಗೆಯನ್ನೂ ಕೇಳಲಿಲ್ಲ. ಅವಳು ಸುಮ್ಮನಿರಲಿಲ್ಲ. ಆಸ್ಪತ್ರೆಯ ಪಾದ್ರಿಯ ನೆರವಿನಿಂದ ದೂರು ಮೇಲಕ್ಕೆ ಹೋಯಿತು. 1880ರಲ್ಲಿ ಬೆರ್ಗೆನ್ ನ್ಯಾಯಾಲಯದಲ್ಲಿ ಹ್ಯಾನ್ಸನ್ ಕಟಕಟೆಯಲ್ಲಿ ನಿಂತ. ಕೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ ಎಂದು ತನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ ಎಂಬರ್ಥದ ಮಾತನ್ನು ಅವನೇ ಆಡಿದ. ಮೇ 31ರ ತೀರ್ಪು ಅವನನ್ನು ಆಸ್ಪತ್ರೆಯ ವೈದ್ಯನ ಹುದ್ದೆಯಿಂದ ತೆಗೆಯಿತು.

ನೋಡಿ, ಇದು ಒಪ್ಪಿಗೆ ಪತ್ರ, ನೈತಿಕ ಸಮಿತಿ ಎಂಬ ಪದಗಳೇ ಇಲ್ಲದಿದ್ದ ಕಾಲ. ಬಡವಳು, ರೋಗಿ, ಸರ್ಕಾರದ ಅನ್ನ ತಿಂದು ಆಸ್ಪತ್ರೆಯಲ್ಲಿ ಬಿದ್ದಿರುವವಳು. ಎದುರಿಗೆ ಯುರೋಪಿನಲ್ಲೇ ಹೆಸರಾದ ವೈದ್ಯ. ಆದರೂ ನ್ಯಾಯಾಲಯ ಅವಳ ಮಾತು ಕೇಳಿತು. ಕುಷ್ಠರೋಗದ ಚರಿತ್ರೆಯನ್ನು ಹ್ಯಾನ್ಸನ್‌ನ ಕಡ್ಡಿಗಳಿಂದ ಶುರುಮಾಡುವುದು ವಾಡಿಕೆ. ಅವನ ಹೆಸರಿನ ಪಕ್ಕದಲ್ಲಿ ಈ ಹೆಣ್ಣುಮಗಳ ಧೈರ್ಯವನ್ನೂ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಈ ರೋಗದ ಮುಂದಿನ ನೂರು ವರ್ಷದ ಕಥೆಯಲ್ಲಿ ರೋಗಿಯ ಮಾತಿಗೆ ಅಷ್ಟು ಬೆಲೆ ಸಿಕ್ಕ ಪ್ರಸಂಗಗಳು ತೀರ ವಿರಳ.

ಹುದ್ದೆ ಹೋದರೂ ಹ್ಯಾನ್ಸನ್ ದೇಶದ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯಾಧಿಕಾರಿಯಾಗಿ ಉಳಿದ. 1877ರ ಮತ್ತು 1885ರ ಕಾನೂನುಗಳ ಹಿಂದೆ ಅವನೇ ಇದ್ದ. ಬಡ ರೋಗಿಗಳು ಅನ್ನಕ್ಕಾಗಿ ಮನೆಯಿಂದ ಮನೆಗೆ ಸುತ್ತುವ ಹಳೆಯ ಪದ್ಧತಿ ಮೊದಲನೆಯದರಿಂದ ನಿಂತಿತು. ಎರಡನೆಯದು, ರೋಗಿಗೆ ಮನೆಯಲ್ಲೇ ಪ್ರತ್ಯೇಕ ಕೋಣೆ ಇರಬೇಕು, ಇಲ್ಲವಾದರೆ ಆಸ್ಪತ್ರೆಗೆ ಬರಬೇಕು ಎಂದಿತು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ನಾರ್ವೆಯ ರೋಗಿಗಳ ಸಂಖ್ಯೆ 600ಕ್ಕಿಂತ ಕೆಳಗಿಳಿದಿತ್ತು. ಇದು ಕಾನೂನಿನ ಫಲವೇ ಎಂಬುದು ವಿದ್ವಾಂಸರು ಇನ್ನೂ ಕೆದಕುವ ಪ್ರಶ್ನೆ. ಪ್ರತ್ಯೇಕಿಸಿದ್ದರಿಂದ ಹರಡುವುದು ತಗ್ಗಿತು ಎಂದು ಆ ನೋಂದಣಿ ಪುಸ್ತಕವನ್ನೇ ಆಧರಿಸಿ ಕೆಲವರು ವಾದಿಸುತ್ತಾರೆ. ಊಟ, ವಸತಿ ಸುಧಾರಿಸಿದ್ದು, ಬಡವರು ಅಮೆರಿಕಕ್ಕೆ ವಲಸೆ ಹೋದದ್ದು ಹೆಚ್ಚು ಮುಖ್ಯ ಎನ್ನುವವರೂ ಇದ್ದಾರೆ. 1888ರಲ್ಲಿ ಹ್ಯಾನ್ಸನ್ ತಾನೇ ಅಮೆರಿಕಕ್ಕೆ ಹೋಗಿ ವಲಸೆ ಹೋದ ರೋಗಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿದ. ಅವರಲ್ಲಿ ರೋಗ ಕಾಣಲಿಲ್ಲ. ರಕ್ತದಲ್ಲಿ ಇಳಿಯುವ ರೋಗವಾಗಿದ್ದರೆ ಕಡಲು ದಾಟಿದ ಮಾತ್ರಕ್ಕೆ ಬಿಡುತ್ತಿರಲಿಲ್ಲ ಎಂಬುದು ಅವನ ತರ್ಕ.

ಮರುವರ್ಷವೇ ಜಗತ್ತಿನ ಇನ್ನೊಂದು ತುದಿಯಿಂದ ಬಂದ ಸಾವಿನ ಸುದ್ದಿಯೊಂದು ಕಥೆಯ ದಿಕ್ಕನ್ನೇ ಬದಲಿಸಿತು. ಹವಾಯಿಯ ರಾಜ್ಯ 1865ರಲ್ಲೇ ಕಾನೂನು ಮಾಡಿ ಕುಷ್ಠರೋಗಿಗಳನ್ನು ಮೊಲೊಕೈ ದ್ವೀಪದ ಒಂದು ಚಾಚಿಗೆ ಗಡೀಪಾರು ಮಾಡುತ್ತಿತ್ತು. ಒಂದು ಕಡೆ ಕಡಿದಾದ ಬಂಡೆ, ಉಳಿದೆಲ್ಲ ಕಡೆ ಸಮುದ್ರ. ಕಾಲಕಾಲಕ್ಕೆ ಅಲ್ಲಿಗೆ ಸಾಗಿಸಲ್ಪಟ್ಟವರು ಸುಮಾರು 8,000 ಮಂದಿ. ಅವರ ನಡುವೆ ಬಾಳಲು 1873ರಲ್ಲಿ ತಾನಾಗಿಯೇ ಹೋದ ಬೆಲ್ಜಿಯಂನ ಪಾದ್ರಿ ಡೇಮಿಯನ್‌ಗೂ ಕೊನೆಗೆ ರೋಗ ಅಂಟಿತು. 1889ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಸುದ್ದಿ ಲಂಡನ್ ತಲುಪಿದಾಗ ಕರುಣೆಯ ಜತೆಗೆ ದಿಗಿಲೂ ಎದ್ದಿತು. ಬಿಳಿಯನೊಬ್ಬನಿಗೆ ಅಂಟಿತೆಂದರೆ ವಸಾಹತುಗಳಿಂದ ರೋಗ ತಮ್ಮ ಮನೆಗೂ ಬಂದೀತು ಎಂಬ ದಿಗಿಲು. ಡೇಮಿಯನ್ ನೆನಪಿನಲ್ಲಿ ಸಂಗ್ರಹಿಸಿದ ನಿಧಿಯಿಂದ ಭಾರತಕ್ಕೆ ಒಂದು ಆಯೋಗ ಹೊರಟಿತು.

ಐವರ ಆ ಕುಷ್ಠರೋಗ ಆಯೋಗ 1890–91ರಲ್ಲಿ ಭಾರತವನ್ನು ಸುತ್ತಿತು. ಆಶ್ರಮಗಳಿಗೆ ಹೋಗಿ ರೋಗಿಗಳನ್ನು ನೋಡಿತು, ಜನಗಣತಿಯ ಅಂಕಿಗಳನ್ನು ಜಾಲಾಡಿತು. ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದ ದೇಶ ಇದು. ಅವರು ಮುಟ್ಟಿದ ತೀರ್ಮಾನ ಸ್ಪಷ್ಟವಾಗಿತ್ತು: ಜೀವಾಣುವಿನಿಂದ ಬರುವ ರೋಗ ಹೌದು, ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವ ಸಂಭವ ಬಹಳ ಕಡಿಮೆ, ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವ ಕಾನೂನಿಗೆ ಆಧಾರವಿಲ್ಲ. ಆ ಕಾಲಕ್ಕೆ ಅದು ಎಷ್ಟು ತೂಕದ ಮಾತು! ಇಂದಿನ ತಿಳಿವಳಿಕೆಗೂ ಅದು ಬಹಳ ಹತ್ತಿರವಾಗಿದೆ. ಆದರೆ ಆಯೋಗವನ್ನು ಕಳುಹಿಸಿದ ಲಂಡನ್ ಸಮಿತಿಯೇ ಅದನ್ನು ಪೂರ್ತಿ ಒಪ್ಪಲಿಲ್ಲ. 1897ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನ, ಹ್ಯಾನ್ಸನ್‌ನ ಸಮ್ಮುಖದಲ್ಲಿ, ಪ್ರತ್ಯೇಕಿಸುವುದೇ ದಾರಿ ಎಂದಿತು. ಮರುವರ್ಷ ಭಾರತದಲ್ಲಿ 1898ರ ಕುಷ್ಠರೋಗಿಗಳ ಕಾಯಿದೆ ಬಂತು.

ಆ ಕಾಯಿದೆಯನ್ನು ಓದಿದರೆ ಅದು ಯಾರ ಮೇಲೆ ಎರಗಿತು ಎಂಬುದು ತಿಳಿಯುತ್ತದೆ. ಭಿಕ್ಷೆ ಬೇಡುವ, ಅಥವಾ ಜೀವನಕ್ಕೆ ದಾರಿಯಿಲ್ಲದೆ ಅಲೆಯುವ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಮ್ಯಾಜಿಸ್ಟ್ರೇಟ್ ಅವನನ್ನು ಆಶ್ರಮಕ್ಕೆ ತಳ್ಳಬಹುದಿತ್ತು. ಸಾರ್ವಜನಿಕ ಬಾವಿ ಕೆರೆಗಳಲ್ಲಿ ಮೀಯುವುದು, ತಿಂಡಿ ತಿನಿಸು ಮಾರುವುದು, ಬಾಡಿಗೆ ಗಾಡಿ ಹೊಡೆಯುವುದನ್ನೆಲ್ಲ ರೋಗಿಗೆ ನಿಷೇಧಿಸಬಹುದಿತ್ತು. ಮನೆಯಲ್ಲಿ ಅನುಕೂಲವಿದ್ದವನನ್ನು ಯಾರೂ ಮುಟ್ಟಲಿಲ್ಲ. ಜೀವಾಣು ಬಡವ ಶ್ರೀಮಂತ ಎಂದು ನೋಡುವುದಿಲ್ಲ, ಕಾಯಿದೆ ನೋಡಿತು. ದುಡಿಮೆಯ ದಾರಿ ಮುಚ್ಚಿ, ಬೇಡಿದರೆ ಹಿಡಿದು ಹಾಕುವ ವ್ಯವಸ್ಥೆಯಿದು. ಪರಿಣಾಮ, ಮೈಮೇಲೆ ಮಚ್ಚೆ ಕಂಡವರು ಅದನ್ನು ಬಟ್ಟೆಯಡಿ ಮುಚ್ಚಿಡುವುದನ್ನು ಕಲಿತರು. ರೋಗವನ್ನು ತಡೆಯಲೆಂದು ಬಂದ ಕಾನೂನು ರೋಗ ಬಚ್ಚಿಟ್ಟುಕೊಳ್ಳಲು ನೆರವಾಯಿತು.

ಹೀಗಿದ್ದಾಗ ರೋಗಿಗಳಿಗೆ ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಮಿಷನರಿಗಳು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕಾಯಿದೆಗೆ 8 ವರ್ಷ ಮೊದಲೇ, 1890ರಲ್ಲಿ, ಕುಷ್ಠರೋಗಿಗಳಿಗೆಂದು ಆಸರೆ ಕಟ್ಟಿದ್ದರು. ಜರ್ಮನಿಯಿಂದ ಬಂದಿದ್ದ ಈ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಹಂಚಲು ಶುರುಮಾಡಿದವರು. ಇಂದು ಅಲ್ಲಿ ದೊಡ್ಡ ವೈದ್ಯಕೀಯ ಕಾಲೇಜೇ ಬೆಳೆದು ನಿಂತಿದೆ. ಕನ್ನಡದಲ್ಲಿ ಜನ ಈ ರೋಗದ ಹೆಸರೆತ್ತಲೂ ಅಂಜಿ 'ದೊಡ್ಡ ರೋಗ', 'ಮಹಾರೋಗ' ಎನ್ನುತ್ತಿದ್ದರು. ಆ ಅಂಜಿಕೆಯ ಬಿಸಿ ರೋಗವೇ ಇಲ್ಲದವರಿಗೂ ತಟ್ಟಿತು. ತೊನ್ನು ಎಂಬುದು ಚರ್ಮದ ಬಣ್ಣ ಹೋಗುವುದಷ್ಟೇ. ಅದು ಅಂಟುವುದಿಲ್ಲ, ಆ ಬಿಳಿ ಮಚ್ಚೆಯಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ. ಆದರೂ 'ಬಿಳಿ ಕುಷ್ಠ' ಎಂಬ ಹೆಸರಿನ ದೆಸೆಯಿಂದ ಎಷ್ಟು ಹೆಣ್ಣುಮಕ್ಕಳ ಮದುವೆಗಳು ನಿಂತುಹೋಗಿವೆ ಎಂಬುದನ್ನು ಚರ್ಮವೈದ್ಯರನ್ನು ಕೇಳಬೇಕು.

ಔಷಧಿಯೆಂದು ಆಗ ಇದ್ದದ್ದು ಒಂದೇ ಎಣ್ಣೆ. ನಮ್ಮ ಪಶ್ಚಿಮ ಘಟ್ಟದ ಗರುಡಫಲದ ಬೀಜದಿಂದ ತೆಗೆಯುವಂಥದ್ದು. ಸುಶ್ರುತ ಸಂಹಿತೆ ಇದನ್ನು ತುವರಕ ಎನ್ನುತ್ತದೆ. ಇದರ ಬಳಗದ ಚಾಲ್‌ಮೂಗ್ರಾ ಎಣ್ಣೆಯನ್ನು 1854ರಲ್ಲಿ ಕಲ್ಕತ್ತೆಯ ವೈದ್ಯ ಮೌಆಟ್ ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದರು. ಕುಡಿದರೆ ವಾಂತಿ, ಚುಚ್ಚಿದರೆ ಮೈಯೊಳಗೆ ಕರಗದೆ ಗಡ್ಡೆ, ಹಚ್ಚಿದರೆ ಅಂಟು. ಈ ಗಂಟನ್ನು ಬಿಡಿಸಿದವಳು ಹವಾಯಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಆಲಿಸ್ ಬಾಲ್ ಎಂಬ ಕಪ್ಪು ಹುಡುಗಿ. 1915ರಲ್ಲಿ ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೊದಲ ಹೆಣ್ಣು ಅವಳೇ. ವೈದ್ಯ ಹ್ಯಾರಿ ಹಾಲ್ಮನ್ ಕೇಳಿಕೊಂಡಿದ್ದಕ್ಕೆ, ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ದುಡಿದು, ಎಣ್ಣೆಯ ಆಮ್ಲಗಳನ್ನು ಈಥೈಲ್ ಎಸ್ಟರ್ ರೂಪಕ್ಕೆ ತಂದು ಸೂಜಿಮದ್ದಾಗಿಸಿದಳು. 1916ರ ಡಿಸೆಂಬರ್ 31ರಂದು, 24ನೆಯ ವಯಸ್ಸಿನಲ್ಲೇ, ಅವಳು ತೀರಿಕೊಂಡಳು. ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಕೆಲಸ ಮುಂದುವರಿಸಿ ಅವಳ ಹೆಸರೆತ್ತದೆ ಪ್ರಕಟಿಸಿದರು. ಪದ್ಧತಿ 'ಡೀನ್ ವಿಧಾನ'ವಾಯಿತು. 1922ರಲ್ಲಿ ಹಾಲ್ಮನ್ ಒಬ್ಬರೇ ಅದನ್ನು ಬಾಲ್ ವಿಧಾನ ಎಂದು ಬರೆದರು. ಹವಾಯಿ ವಿಶ್ವವಿದ್ಯಾಲಯ ತನ್ನ ಚಾಲ್‌ಮೂಗ್ರಾ ಮರದ ಬುಡದಲ್ಲಿ ಅವಳ ಹೆಸರಿನ ಫಲಕ ನೆಟ್ಟದ್ದು 2000ನೇ ಇಸವಿಯಲ್ಲಿ. ಆ ಸೂಜಿಮದ್ದಿನಿಂದ ಎಷ್ಟೋ ರೋಗಿಗಳು ಮನೆಗೆ ಮರಳಿದರು, ಹಲವರಿಗೆ ರೋಗ ಮತ್ತೆ ಮರುಕಳಿಸಿತು. ಆದರೂ ಎರಡು ದಶಕಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ.

ಇಲ್ಲಿ ಮನಸ್ಸಿಗೆ ಚುಚ್ಚುವ ಒಂದು ಸಂಗತಿಯಿದೆ. ಕೊನೆಗೆ ಈ ರೋಗವನ್ನು ಮಣಿಸಿದ ಡ್ಯಾಪ್ಸೋನ್ 1908ರಲ್ಲೇ ಜರ್ಮನಿಯಲ್ಲಿ ತಯಾರಾಗಿತ್ತು. ಅದು ಮದ್ದಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಲೂಸಿಯಾನಾದ ಕಾರ್‌ವಿಲ್ ಆಸ್ಪತ್ರೆಯಲ್ಲಿ 1941ರಲ್ಲಿ ಗೈ ಫೇಜೆ ಅದರ ಬಳಗದ ಪ್ರೋಮಿನ್ ಎಂಬ ಮದ್ದನ್ನು ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದರು. ತಿಂಗಳುಗಳು ಕಳೆದಂತೆ ಹುಣ್ಣು ಮಾಗಿದವು, ಗಂಟುಗಳು ಇಳಿದವು. ಆದರೆ ಪ್ರೋಮಿನ್ ದುಬಾರಿ, ದಿನವೂ ಸೂಜಿ ಬೇಕು. ಮೂಲ ಡ್ಯಾಪ್ಸೋನನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಸಾಕು ಎಂದು ತೋರಿಸಿದವರಲ್ಲಿ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿದ್ದ ರಾಬರ್ಟ್ ಕಾಕ್ರನ್ ಒಬ್ಬರು. ಕೆಲವೇ ಪೈಸೆಯ ಮಾತ್ರೆ ಹಳ್ಳಿಗೆ ತಲುಪುವಂತಾದಾಗ ರೋಗಿಯನ್ನು ಗೋಡೆಯೊಳಗೆ ಕೂಡಿಡುವುದಕ್ಕೆ ಇದ್ದ ನೆಪವೂ ಹೋಯಿತು. ಭಾರತ ಸರ್ಕಾರ 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು.

ಅದೇ ಕಾಲದಲ್ಲಿ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಕಿತ್ತುಹಾಕಿದರು. ಬೆರಳು ಕೊಳೆತು ಉದುರುವುದು ರೋಗದ ಲಕ್ಷಣ ಎಂದು ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ರೋಗಿಗಳ ಕೈಗಳನ್ನು ದಿನವೂ ನೋಡಿದರು. ಜೀವಾಣು ಕೆಡಿಸುವುದು ನರವನ್ನು. ನೋವೇ ಗೊತ್ತಾಗದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ತಿರುಗದ ಬೀಗದ ಕೈಯನ್ನು ಬೆರಳು ಹರಿಯುವಷ್ಟು ಒತ್ತುತ್ತದೆ, ರಾತ್ರಿ ಇಲಿ ಕಡಿದರೂ ಎಚ್ಚರವಾಗುವುದಿಲ್ಲ. ಬೆರಳು ಹೋಗುವುದು ಆ ಗಾಯಗಳಿಂದ. ಮಡಚಿಹೋದ ಕೈಗಳಿಗೆ ಅವರು ಸ್ನಾಯುರಜ್ಜುಗಳನ್ನು ಬದಲಿಸಿ ಕೂಡಿಸಿ ಮತ್ತೆ ಹಿಡಿತ ಕೊಟ್ಟರು. ಕಾಲಿಗೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಬಂತು. ಕಾಯಿಸಿದ ಪಾತ್ರೆಗೆ ಬಟ್ಟೆ ಹಿಡಿಯಿರಿ, ದಿನವೂ ಪಾದ ನೋಡಿಕೊಳ್ಳಿ ಎಂಬ ಸರಳ ಮಾತುಗಳು ಎಷ್ಟೋ ಕೈಕಾಲುಗಳನ್ನು ಉಳಿಸಿವೆ.

ಡ್ಯಾಪ್ಸೋನ್ ಒಂದನ್ನೇ ವರ್ಷಾನುಗಟ್ಟಲೆ ನುಂಗಿದ್ದಕ್ಕೆ ಜೀವಾಣು ಅದಕ್ಕೆ ಒಗ್ಗಿಕೊಂಡಿತು. 1964ರಲ್ಲಿ ಮಲೇಷ್ಯಾದಿಂದ ಅದಕ್ಕೆ ಖಚಿತ ಪುರಾವೆ ಬಂತು. ರಿಫಾಂಪಿಸಿನ್, ಮತ್ತು ಐರ್ಲೆಂಡಿನ ಪ್ರಯೋಗಾಲಯದಲ್ಲಿ ಕ್ಷಯಕ್ಕೆಂದು ಹುಡುಕುವಾಗ ಸಿಕ್ಕಿದ್ದ ಕ್ಲೋಫಜಿಮಿನ್, ಇವೆರಡನ್ನೂ ಡ್ಯಾಪ್ಸೋನ್ ಜತೆ ಸೇರಿಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಹೇಳಿದರು. ಇದೇ ಎಂಡಿಟಿ, ಬಹುಔಷಧ ಚಿಕಿತ್ಸೆ. 1983ರಿಂದ ಭಾರತ ಇದನ್ನು ಜಿಲ್ಲೆ ಜಿಲ್ಲೆಗೆ ಒಯ್ದಿತು. ಕೆಲಸ ಸುಲಭದ್ದಾಗಿರಲಿಲ್ಲ. ಕ್ಲೋಫಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ, ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಹೆದರಿ ಮಾತ್ರೆ ಬಿಟ್ಟವರ ಮನೆ ಬಾಗಿಲಿಗೆ ಹೋಗಿ, ಇದು ತಾತ್ಕಾಲಿಕ, ಬಣ್ಣ ಮರಳುತ್ತದೆ ಎಂದು ಮನವೊಲಿಸಿದವರು ಆರೋಗ್ಯ ಕಾರ್ಯಕರ್ತರು. 1985ರಲ್ಲಿ ಜಗತ್ತಿನಲ್ಲಿ 52 ಲಕ್ಷ ನೋಂದಾಯಿತ ರೋಗಿಗಳಿದ್ದರು. ಇಪ್ಪತ್ತು ವರ್ಷಗಳಲ್ಲಿ ಆ ಸಂಖ್ಯೆ ಕೆಲವೇ ಲಕ್ಷಕ್ಕೆ ಇಳಿಯಿತು. 2005ರ ಡಿಸೆಂಬರ್‌ನಲ್ಲಿ ಭಾರತ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ಎಂಬ ಗುರಿ ಮುಟ್ಟಿತು.

ಆ ಘೋಷಣೆ ಒಂದು ತಿರುವಾಯಿತು, ಒಳ್ಳೆಯ ತಿರುವಲ್ಲ. ರೋಗ ಮುಗಿಯಿತೆಂದು ಸರ್ಕಾರವೂ ವೈದ್ಯಕೀಯ ಪಠ್ಯವೂ ಗಮನ ಸಡಿಲಿಸಿದವು; ಮನೆ ಮನೆಗೆ ಹೋಗಿ ಹುಡುಕುವ ಕೆಲಸ ಕುಗ್ಗಿತು. 2016ರಲ್ಲಿ ಅದನ್ನು ಮತ್ತೆ ಆರಂಭಿಸಬೇಕಾಯಿತು. ಇಂದಿಗೂ ಪ್ರತಿವರ್ಷ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾಗುವ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಎಂದರೆ ಒಂದು ಲಕ್ಷಕ್ಕೂ ಅಧಿಕ, ಭಾರತದವರು. ಅವರಲ್ಲಿ ಮಕ್ಕಳೂ ಇದ್ದಾರೆ.

ಕಾನೂನುಗಳಂತೂ ಮಾತ್ರೆಗಿಂತ ಬಹಳ ಹಿಂದೆ ಉಳಿದವು. ಹವಾಯಿ ತನ್ನ ಗಡೀಪಾರು ಕಾನೂನನ್ನು ಬಿಟ್ಟದ್ದು 1969ರಲ್ಲಿ. ಜಪಾನ್ ತನ್ನ ಪ್ರತ್ಯೇಕತೆಯ ಕಾನೂನನ್ನು 1996ರವರೆಗೂ ಇಟ್ಟುಕೊಂಡಿತ್ತು. ನಮ್ಮ 1898ರ ಕಾಯಿದೆಯನ್ನು ಸಂಸತ್ತು ರದ್ದು ಮಾಡಿದ್ದು 2016ರಲ್ಲಿ. ಕುಷ್ಠರೋಗವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದು ಎಂಬ ವಿಧಿ 2019ರವರೆಗೆ ಮದುವೆಯ ಕಾನೂನುಗಳಲ್ಲಿ ಕುಳಿತಿತ್ತು. ಗುಣವಾಗುವ ರೋಗಕ್ಕೆ, ಮದ್ದು ಬಿಟ್ಟಿ ಸಿಗುವ ರೋಗಕ್ಕೆ, ಮೊನ್ನೆ ಮೊನ್ನೆಯವರೆಗೆ ಮನೆ ಮುರಿಯುವ ಹಕ್ಕು ಇತ್ತು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮೈಮೇಲೆ, ಮನೆಯವರ, ಕೆಲಸಕ್ಕೆ ಬರುವವರ ಮೈಮೇಲೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆಯಿದ್ದರೆ, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮೆಲ್ಲಗೆ ಸವರಿ. ಸವರಿದ್ದು ತಿಳಿಯದಿದ್ದರೆ, ಅಥವಾ ಅಂಗೈ ಅಂಗಾಲು ಮರಗಟ್ಟಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಎಂಡಿಟಿ ಮಾತ್ರೆ ಅಲ್ಲಿ ಉಚಿತ; ರೋಗದ ಬಗೆ ನೋಡಿ 6 ಅಥವಾ 12 ತಿಂಗಳು ನುಂಗಬೇಕು. ಶುರುಮಾಡಿದ ಕೆಲವೇ ದಿನಗಳಲ್ಲಿ ಅವರಿಂದ ಬೇರೆಯವರಿಗೆ ರೋಗ ಹರಡುವುದು ನಿಲ್ಲುತ್ತದೆ. ಅವರು ಮನೆಯಲ್ಲೇ ಇರಬಹುದು, ಎಲ್ಲರ ಜತೆ ಕೂತು ಉಣ್ಣಬಹುದು.